ಸಿವಿಲ್ ಅಂದ್ರೆ ಯಾವ ಸಿವಿಲ್? ಪದ ಆರಿಸುವ ಮುಂಚೆ ಒಂದಿಷ್ಟು ಹೋಲಿಕೆ

ನಮ್ಮಣ್ಣನ ಮಗಳು ಹೋದ ವರ್ಷ ತನ್ನ ಮೊದಲ ಕೆಲಸ ಬಿಟ್ಟಳು. ಕೊನೆಯ ದಿನ ತಂಡದವರಿಗೆಲ್ಲ ಒಂದು ಇಮೇಲ್ ಹಾಕುವುದು ಈಗ ಎಲ್ಲ ಕಡೆ ರೂಢಿ. ಇವಳೂ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಳು. ಮ್ಯಾನೇಜರ್‌ಗೆ ಅಂತ ಒಂದು ಸಾಲು ಬೇರೆ ಸೇರಿಸಿದಳು: ‘ಯು ವರ್ ಆಲ್ವೇಸ್ ಸಿವಿಲ್ ಟು ಮಿ’. ಸಂಜೆ ಆ ಮನುಷ್ಯ ಅವಳ ಟೇಬಲ್ ಹತ್ತಿರ ಬಂದು, ಸ್ವಲ್ಪ ಮುಜುಗರದಲ್ಲೇ ಕೇಳಿದರಂತೆ, ‘ನನ್ನಿಂದ ಏನಾದ್ರೂ ಬೇಜಾರಾಗಿತ್ತಾ?’

ರಾತ್ರಿ ನನಗೆ ಫೋನು. ‘ಚಿಕ್ಕಪ್ಪ, ಡಿಕ್ಷನರೀಲಿ ಸಿವಿಲ್ ಅಂದ್ರೆ ಪೊಲೈಟ್ ಅಂತಾನೇ ಇದೆ. ನಾನೇನು ತಪ್ಪು ಬರೆದೆ?’

ಡಿಕ್ಷನರಿಯೂ ತಪ್ಪಲ್ಲ, ಅವಳೂ ಪೂರ್ತಿ ತಪ್ಪಲ್ಲ. ಅವಳು ಹೇಳಹೊರಟಿದ್ದು ‘ನೀವು ಯಾವಾಗಲೂ ನನ್ನ ಜೊತೆ ತುಂಬಾ ಚೆನ್ನಾಗಿ ನಡೆದುಕೊಂಡಿರಿ’ ಅಂತ. ಅವರಿಗೆ ಕೇಳಿಸಿದ್ದು ‘ನೀವು ನನ್ನ ಮೇಲೆ ಕೂಗಾಡಲಿಲ್ಲ, ಅಷ್ಟರಮಟ್ಟಿಗೆ ಪರವಾಗಿಲ್ಲ’ ಅಂತ. ನನ್ನ ಹೊಟ್ಟೆಪಾಡು ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು. ಈ ಒಂದು ಪದ ನನ್ನನ್ನೂ ಎಷ್ಟೋ ಸಲ ಎಡವಿಸಿದೆ. ಹಾಗಾಗಿ ಅವತ್ತು ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಮೊದಲ ಅರ್ಧ, ಕನ್ನಡಕ್ಕೆ ತರುವವರಿಗೆ ಉಳಿದದ್ದು.

ಬಾಗಿಲಲ್ಲಿ ನಿಂತವರು, ಒಳಗೆ ಕೂತವರು

ಸಿವಿಲ್, ಪೊಲೈಟ್, ಕರ್ಟಿಯಸ್, ಕಾರ್ಡಿಯಲ್, ರೆಸ್ಪೆಕ್ಟ್‌ಫುಲ್. ಐದಕ್ಕೂ ನಾವು ಸಲೀಸಾಗಿ ‘ಮರ್ಯಾದೆ’ ಅಂದುಬಿಡುತ್ತೇವೆ. ಆದರೆ ಐದೂ ಒಂದೇ ಮೆಟ್ಟಿಲ ಮೇಲಿಲ್ಲ.

ನಿಮ್ಮ ಮನೆಗೆ ಯಾರೋ ಬಂದರು ಅಂದುಕೊಳ್ಳಿ. ಬಾಗಿಲಲ್ಲೇ ನಿಂತು ‘ಏನಾಗಬೇಕಿತ್ತು?’ ಅಂತ ಕೇಳಿ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟು, ಬಾಗಿಲು ದಡಾರನೆ ಹಾಕದೆ ಮೆಲ್ಲಗೆ ಹಾಕಿದರೆ ಅದು ಸಿವಿಲ್. ‘ಬನ್ನಿ, ಕೂತ್ಕೊಳ್ಳಿ, ನೀರು ಬೇಕಾ?’ ಅಂದರೆ ಪೊಲೈಟ್. ಕೇಳದೆಯೇ ನೀರು, ಬೆಲ್ಲ ತಂದಿಟ್ಟು, ಹೊರಟಾಗ ಗೇಟಿನ ತನಕ ಬಂದು ಬೀಳ್ಕೊಟ್ಟರೆ ಕರ್ಟಿಯಸ್. ‘ಇಷ್ಟು ದೂರ ಬಂದು ಹಾಗೇ ಹೋಗ್ತೀರಾ, ಊಟ ಮಾಡ್ಕೊಂಡೇ ಹೋಗಿ’ ಅಂತ ಮನಸಾರೆ ಹೇಳಿದರೆ ಕಾರ್ಡಿಯಲ್. ಅದು ಹೃದಯಕ್ಕೆ ಸಂಬಂಧಪಟ್ಟ ಲ್ಯಾಟಿನ್ ಪದದಿಂದಲೇ ಬಂದದ್ದು.

ಉಳಿದವುಗಳ ಮೂಲವೂ ಅವುಗಳ ಗುಣವನ್ನು ಹೇಳುತ್ತದೆ. ಪೊಲೈಟ್ ಅನ್ನುವುದು ಪಾಲಿಶ್ ಅನ್ನುವುದರ ದಾಯಾದಿ, ಉಜ್ಜಿ ನುಣುಪು ಮಾಡಿದ್ದು. ಕರ್ಟಿಯಸ್ ಬಂದದ್ದು ಕೋರ್ಟಿನಿಂದ. ನ್ಯಾಯಾಲಯವಲ್ಲ, ರಾಜರ ಆಸ್ಥಾನ. ಅದಕ್ಕೇ ಅದರಲ್ಲಿ ಒಂದಿಷ್ಟು ಉಪಚಾರದ ವಾಸನೆ ಇದೆ. ಸಿವಿಲ್‌ನ ಬೇರು ಲ್ಯಾಟಿನ್ನಿನ ‘ಸಿವಿಸ್’, ಅಂದರೆ ಪ್ರಜೆ, ಊರಿನ ನಿವಾಸಿ. ಒಂದೇ ಊರಲ್ಲಿ ಬದುಕುವ ಇಬ್ಬರು, ಪರಿಚಯ ಇರಲಿ ಬಿಡಲಿ, ಒಬ್ಬರಿಗೊಬ್ಬರು ಕೊಡಲೇಬೇಕಾದಷ್ಟು ಮರ್ಯಾದೆ. ಅದಕ್ಕಿಂತ ಒಂದು ತೊಟ್ಟು ಜಾಸ್ತಿ ಇಲ್ಲ.

ಹಾಗಾಗಿ ಸಿವಿಲ್ ಅನ್ನುವುದು ಮರ್ಯಾದೆಯ ಕೆಳಗಿನ ಮೆಟ್ಟಿಲು. ಅದರ ಕೆಳಗೆ ಒರಟುತನವೇ. ಪ್ರೀತಿ ಬೇಕಿಲ್ಲ, ಗೌರವವೂ ಬೇಕಿಲ್ಲ. ರೆಸ್ಪೆಕ್ಟ್‌ಫುಲ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ನನಗೆ ಒಬ್ಬರ ಬಗ್ಗೆ ಕವಡೆ ಕಾಸಿನ ಗೌರವ ಇಲ್ಲದಿದ್ದರೂ ಅವರ ಜೊತೆ ನಾನು ಸಿವಿಲ್ ಆಗಿರಬಹುದು. ಎಷ್ಟೋ ಆಫೀಸುಗಳು ನಡೆಯುತ್ತಿರುವುದೇ ಹೀಗೆ.

ಹಾಗಂತ ಅದು ಯಾವಾಗಲೂ ಸಪ್ಪೆ ಮಾತು ಅಂತಲ್ಲ. ಎದುರಿಗೆ ಏನು ಸಂಭವವಿತ್ತು ಅನ್ನುವುದರ ಮೇಲೆ ನಿಂತಿದೆ. ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ವಿಷಯ ಬಂತು, ಆದರೂ ಚರ್ಚೆ ‘ಸಿವಿಲ್’ ಆಗಿತ್ತು ಅಂದರೆ ಅದು ನಿಜವಾದ ಹೊಗಳಿಕೆ. ಕುರ್ಚಿ ಹಾರುವ ಸಾಧ್ಯತೆ ಇದ್ದ ಕಡೆ ಹಾರಲಿಲ್ಲ ಅಲ್ವಾ. ವಿಚ್ಛೇದನ ಆದವರ ಬಗ್ಗೆ, ಪಾಲು ಆದ ಅಣ್ಣತಮ್ಮಂದಿರ ಬಗ್ಗೆ, ಚುನಾವಣೆಯ ಎದುರಾಳಿಗಳ ಬಗ್ಗೆ ಈ ಪದ ಚೆನ್ನಾಗಿ ಕೂರುತ್ತದೆ. ಮೇಷ್ಟರ ಬಗ್ಗೆ, ಅತ್ತೆಯ ಬಗ್ಗೆ, ಮ್ಯಾನೇಜರ್ ಬಗ್ಗೆ ಬಳಸಿದರೆ ಮಾತ್ರ ‘ಇವರಿಬ್ಬರ ಮಧ್ಯೆ ಏನೋ ಆಗಿದೆ’ ಅಂತ ಓದಿದವರು ಹುಬ್ಬೇರಿಸುತ್ತಾರೆ.

ಅವಳಿಗೆ ನಾನು ಸೂಚಿಸಿದ್ದು: ಮೇಲಿನವರಿಗೆ ಥ್ಯಾಂಕ್ಸ್ ಹೇಳುವಾಗ ‘ಕೈಂಡ್’ ಸಾಕು. ಚಿಕ್ಕದು, ಬೆಚ್ಚಗಿನದು, ತಪ್ಪು ಅರ್ಥ ಬರುವುದಿಲ್ಲ. ಗ್ರಾಹಕರ ಪತ್ರಕ್ಕೆ, ಹೋಟೆಲಿನ ಸಿಬ್ಬಂದಿಗೆ ‘ಕರ್ಟಿಯಸ್’. ಮಕ್ಕಳ ಬಗ್ಗೆ ಹೇಳಲು ‘ಪೊಲೈಟ್’. ಜಗಳದ ನಡುವೆ ತಣ್ಣಗಿರಿ ಅಂತ ಕೇಳಿಕೊಳ್ಳಲು ‘ಸಿವಿಲ್’.

ಇನ್ನೊಂದು ಗುಂಡಿ ಇದೆ, ಅದಕ್ಕೂ ಜನ ಬೀಳುತ್ತಾರೆ. ಸಿವಿಲ್ ಬೇರೆ, ಸಿವಿಲೈಸ್ಡ್ ಬೇರೆ. ‘ಬಿ ಸಿವಿಲ್’ ಅಂದರೆ ಮರ್ಯಾದೆಯಿಂದ ಮಾತಾಡು. ‘ಬಿ ಸಿವಿಲೈಸ್ಡ್’ ಅಂದರೆ ನೀನು ಇನ್ನೂ ಕಾಡಿನಿಂದ ಬಂದಿಲ್ಲ ಅಂದ ಹಾಗೆ. ಅದರ ವಿರುದ್ಧ ಪದಗಳೂ ಹೀಗೇ. ‘ಅನ್‌ಸಿವಿಲ್’ ಅಂದರೆ ಒರಟು, ಒಂದು ಹೊತ್ತಿನ ನಡತೆ. ‘ಅನ್‌ಸಿವಿಲೈಸ್ಡ್’ ಅನ್ನುವುದು ಇಡೀ ಜನಾಂಗಗಳನ್ನೇ ಕೀಳಾಗಿ ನೋಡಲು ವಸಾಹತು ಕಾಲದಲ್ಲಿ ಬಳಸಿ ಬಳಸಿ ಕೊಳೆಯಾದ ಪದ. ಅದನ್ನು ಮುಟ್ಟದಿದ್ದರೇ ಒಳ್ಳೆಯದು. ಇನ್ನೂ ಒಂದು ವಿಚಿತ್ರ: ವಿಶೇಷಣ ‘ಅನ್‌ಸಿವಿಲ್’, ಆದರೆ ನಾಮಪದ ‘ಇನ್‌ಸಿವಿಲಿಟಿ’. ಯಾಕೆ ಅಂತ ಕೇಳಬೇಡಿ, ಇಂಗ್ಲಿಷ್ ಹಾಗೇನೆ.

ಇದನ್ನೇ ಕನ್ನಡದಲ್ಲಿ ಹೇಳಬೇಕಾದರೆ

ಒಂದು ಕಂಪನಿಯ ನೀತಿಸಂಹಿತೆ ತಿದ್ದಲು ನನ್ನ ಹತ್ತಿರ ಬಂದಿತ್ತು. ಮೊದಲು ಯಂತ್ರದಿಂದ ಕನ್ನಡ ಮಾಡಿಸಿದ್ದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಸಹೋದ್ಯೋಗಿಗಳೊಂದಿಗೆ ನಾಗರಿಕರಾಗಿರಿ’. ಅದನ್ನು ಓದಿದ ಆ ಕಂಪನಿಯ ಡ್ರೈವರ್‌ಗಳಿಗೆ ಏನನ್ನಿಸಬೇಕು? ವೋಟರ್ ಐಡಿ ತೋರಿಸಬೇಕೇನೋ ಅಂತ ಅಂದುಕೊಂಡಾರು. ನಾನು ಅದನ್ನು ಅಳಿಸಿ ‘ಜೊತೆಯವರ ಹತ್ತಿರ ಮರ್ಯಾದೆಯಿಂದ ಮಾತಾಡಿ’ ಅಂತ ಬರೆದೆ. ‘ತೀರಾ ಆಡುಮಾತಾಯ್ತು’ ಅಂತ ಅಲ್ಲಿನವರು ರಾಗ ಎಳೆದರು. ಕೊನೆಗೆ ‘ಸೌಜನ್ಯದಿಂದ ವರ್ತಿಸಿ’ ಅಂತ ರಾಜಿಯಾಯಿತು. ನನಗೆ ಈಗಲೂ ಮರ್ಯಾದೆಯೇ ಸರಿ ಅನ್ನಿಸುತ್ತದೆ.

ಯಾಕಂದರೆ ಮರ್ಯಾದೆ ಅನ್ನುವ ಪದದ ಮೂಲ ಅರ್ಥ ಗಡಿ, ಎಲ್ಲೆ. ಇಲ್ಲಿಂದ ಆಚೆ ಹೋಗಬೇಡ ಅನ್ನುವ ಗೆರೆ. ಇಂಗ್ಲಿಷಿನ ಸಿವಿಲ್ ಮಾಡುವ ಕೆಲಸವೂ ಅದೇ. ‘ಕೀಪ್ ಎ ಸಿವಿಲ್ ಟಂಗ್’ ಅಂತ ಯಾರಾದರೂ ಗದರಿದರೆ, ಅದರ ಕನ್ನಡ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕೇಳಿಸುತ್ತದೆ: ‘ಮರ್ಯಾದೆಯಿಂದ ಮಾತಾಡು!’ ಅದೇ ಕಾವು, ಅದೇ ಬೆದರಿಕೆ.

ಸೌಜನ್ಯ ಸ್ವಲ್ಪ ಮೇಲಿನ ಪದ. ಸುಜನ, ಅಂದರೆ ಒಳ್ಳೆಯ ಮನುಷ್ಯ, ಅವನ ಗುಣ. ಹಾಗಾಗಿ ಅದು ಕರ್ಟಿಸಿಗೆ ಹತ್ತಿರ. ‘ಸೌಜನ್ಯಕ್ಕಾದರೂ ಒಂದು ಮಾತು ಹೇಳಬೇಕಿತ್ತು’ ಅಂತೀವಲ್ಲ, ಅಲ್ಲಿ ಅದು ಒಂದು ಮೆಟ್ಟಿಲು ಕೆಳಗಿಳಿದು ಸಿವಿಲ್ ಪಕ್ಕಕ್ಕೆ ಬರುತ್ತದೆ. ‘ಕನಿಷ್ಠ ಸೌಜನ್ಯ’ ಅಂದರೆ ಇನ್ನೂ ಕರಾರುವಾಕ್ಕು.

ವಿನಯ ಬೇಡ. ವಿನಯದಲ್ಲಿ ತಲೆ ಬಾಗಿದೆ, ಚಿಕ್ಕವರು ದೊಡ್ಡವರಿಗೆ ತೋರಿಸುವುದು ಅದು. ಸಿವಿಲ್‌ನಲ್ಲಿ ಇಬ್ಬರೂ ಒಂದೇ ಎತ್ತರ.

ಸಭ್ಯ ಚೆನ್ನಾಗಿಯೇ ಇದೆ. ಸಭೆಯಲ್ಲಿ ಕೂರಲು ತಕ್ಕವನು ಸಭ್ಯ. ತೊಂದರೆ ಬರುವುದು ಅದಕ್ಕೆ ‘ಅ’ ಸೇರಿಸಿದಾಗ. ಪೇಪರಿನಲ್ಲಿ ‘ಅಸಭ್ಯ ವರ್ತನೆ’ ಅಂತ ಹೆಡ್‌ಲೈನ್ ಬಂದರೆ ನಮ್ಮ ತಲೆಗೆ ಹೊಳೆಯುವುದು ಹೆಂಗಸರಿಗೆ ಕೊಟ್ಟ ಕಿರುಕುಳ. ಯಾರೋ ಮೀಟಿಂಗಿನಲ್ಲಿ ದನಿ ಎತ್ತರಿಸಿದ್ದಕ್ಕೆ ಕೊಟ್ಟ ಮೆಮೋದಲ್ಲಿ ‘ಅನ್‌ಸಿವಿಲ್ ಬಿಹೇವಿಯರ್’ ಅಂತ ಇದ್ದರೆ, ಅದನ್ನು ‘ಅಸಭ್ಯ ವರ್ತನೆ’ ಮಾಡಿಬಿಟ್ಟರೆ ಆ ಮನುಷ್ಯನ ಸಂಸಾರವೇ ಅಲ್ಲಾಡೀತು. ‘ಒರಟು ವರ್ತನೆ’ ಅನ್ನಿ, ಮುಗೀತು. ‘ಅನಾಗರಿಕ’ವೂ ಅಷ್ಟೇ ಭಾರ. ಅದು ಅನ್‌ಸಿವಿಲ್ ಅಲ್ಲ, ಅನ್‌ಸಿವಿಲೈಸ್ಡ್. ತಮಾಷೆ ಅಂದರೆ ‘ಈ ದೇಶದ ಪ್ರಜೆಯಲ್ಲದವನು’ ಅನ್ನುವ ಅರ್ಥವಂತೂ ಅದಕ್ಕೆ ಇಲ್ಲವೇ ಇಲ್ಲ.

ಪಾಪ, ‘ನಾಗರಿಕ’ ಪದದ ಮೇಲೆ ಹೊರೆ ಜಾಸ್ತಿ. ಹಿರಿಯ ನಾಗರಿಕ ಅಂದಾಗ ಪ್ರಜೆ. ನಾಗರಿಕ ಹಕ್ಕು ಅಂದಾಗ ಸಿವಿಲ್. ಸಿಂಧೂ ನಾಗರಿಕತೆ ಅಂದಾಗ ಸಿವಿಲೈಸೇಶನ್. ಟಿವಿಯವರು ವಾರಕ್ಕೊಮ್ಮೆಯಾದರೂ ‘ನಾಗರಿಕ ಸಮಾಜ ತಲೆ ತಗ್ಗಿಸುವಂಥ ಘಟನೆ’ ಅನ್ನುತ್ತಾರೆ. ಅಲ್ಲಿ ಅದು ಸಿವಿಲೈಸ್ಡ್. ಅದೇ ದಿನ ಪೇಪರಿನ ಒಳಪುಟದಲ್ಲಿ ‘ನಾಗರಿಕ ಸಮಾಜದ ಸಂಘಟನೆಗಳು ಮನವಿ ಸಲ್ಲಿಸಿವೆ’ ಅಂತ ಇರುತ್ತದೆ. ಅದು ಸಿವಿಲ್ ಸೊಸೈಟಿ, ಸರ್ಕಾರವೂ ಅಲ್ಲದ ವ್ಯಾಪಾರವೂ ಅಲ್ಲದ ಸಂಘ ಸಂಸ್ಥೆಗಳು. ಎರಡಕ್ಕೂ ಒಂದೇ ಹೆಸರು. ಮೊದಲನೆಯದನ್ನು ‘ಸುಸಂಸ್ಕೃತ ಸಮಾಜ’ ಅಂದರೆ ಗೊಂದಲ ಅರ್ಧ ಇಳಿಯುತ್ತದೆ. ಎರಡನೆಯದಕ್ಕೆ ‘ಜನಸಂಘಟನೆಗಳು’ ಅಂದರೆ ಉಳಿದರ್ಧವೂ ಇಳಿಯುತ್ತದೆ. ಯಾರೂ ಕೇಳುವುದಿಲ್ಲ, ಬಿಡಿ.

ಒಂದು ಚೆಂದದ ಹೊಂದಾಣಿಕೆ ಇಲ್ಲಿ ಹೇಳಲೇಬೇಕು. ಅವರ ಸಿವಿಸ್ ಊರಿನವನಾದರೆ, ನಮ್ಮ ನಾಗರಿಕ ನಗರದವನು, ಪೌರ ಪುರದವನು. ಎರಡೂ ಕಡೆಯವರು ಪಟ್ಟಣದವನನ್ನೇ ನಯಸ್ಥ ಅಂದರು. ಹಳ್ಳಿಯವನಿಗೆ ಗ್ರಾಮ್ಯ, ಗಮಾರ ಅಂತ ಹೆಸರಿಟ್ಟರು. ಹಳ್ಳಿಯಲ್ಲಿ ಹುಟ್ಟಿದ ನನಗೆ ಇದರ ಬಗ್ಗೆ ಸಣ್ಣ ತಕರಾರಿದೆ. ನೀರು ಬೆಲ್ಲ ಕೊಟ್ಟು ಕೂರಿಸುವವರು ಎಲ್ಲಿ ಜಾಸ್ತಿ ಸಿಗುತ್ತಾರೆ ಅಂತ ನಿಮಗೂ ಗೊತ್ತು.

ಎದುರಿಗೆ ಯಾರು ನಿಂತಿದ್ದಾರೆ ನೋಡಿ

ಈಗ ದೊಡ್ಡ ಗುಂಪಿಗೆ ಬರೋಣ. ಸಿವಿಲ್ ಕೇಸು, ಸಿವಿಲ್ ಎಂಜಿನಿಯರ್, ಸಿವಿಲ್ ಸರ್ವಿಸ್, ಸಿವಿಲ್ ಪೊಲೀಸ್, ಸಿವಿಲ್ ವಾರ್. ಇಲ್ಲೆಲ್ಲ ಮರ್ಯಾದೆಗೆ ಕೆಲಸವಿಲ್ಲ. ಪ್ರತಿಸಲವೂ ಅರ್ಥ ಬೇರೆ. ಡಿಕ್ಷನರಿಯಲ್ಲಿ ಹತ್ತು ಅರ್ಥ ಓದಿ ಆರಿಸುವುದಕ್ಕಿಂತ ಸುಲಭದ ದಾರಿ ಒಂದಿದೆ. ‘ಇದು ಯಾವುದು ಅಲ್ಲ?’ ಅಂತ ಕೇಳಿ. ಸಿವಿಲ್ ಅನ್ನುವುದು ಒಬ್ಬಂಟಿ ಪದವಲ್ಲ. ಅದರ ಎದುರಿಗೆ ಯಾವಾಗಲೂ ಇನ್ನೊಂದು ಪದ ನಿಂತಿರುತ್ತದೆ. ಆ ಎದುರಾಳಿಯನ್ನು ಹುಡುಕಿದರೆ ಕನ್ನಡ ಪದ ತಾನಾಗಿ ಬರುತ್ತದೆ.

ಎದುರಿಗೆ ಕ್ರಿಮಿನಲ್ ಇದ್ದರೆ ಅದು ಕೋರ್ಟಿನ ಸಿವಿಲ್. ಜಮೀನು, ಪಾಲು, ಸಾಲ, ಕರಾರು. ಕಳ್ಳತನ, ಹೊಡೆದಾಟ ಅಲ್ಲ. ಬೇಲಿ ಜಗಳ ಹಿಡಿದುಕೊಂಡು ಸ್ಟೇಷನ್‌ಗೆ ಹೋಗಿ ನೋಡಿ, ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂತ ಕಳಿಸುತ್ತಾರೆ. ತಾಲ್ಲೂಕು ಕೋರ್ಟಿನ ಬೋರ್ಡು ‘ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ ಅನ್ನುತ್ತದೆ. ಕುರ್ಚಿ ಒಂದೇ, ಕೆಲಸ ಎರಡು. ಮೊದಲ ಭಾಗ ದಾವೆಗೆ, ಎರಡನೆಯದು, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಅಪರಾಧದ ಕೇಸಿಗೆ. ಇಲ್ಲಿ ‘ನಾಗರಿಕ ನ್ಯಾಯಾಲಯ’ ಅಂತ ಬರೆದರೆ ವಕೀಲರಿಗೇ ಅರ್ಥವಾಗದು. ಸಿವಿಲ್ ಅಂತಲೇ ಬಿಡಿ. 1908ರ ಕಾನೂನಿಗೂ ಕನ್ನಡದಲ್ಲಿ ‘ಸಿವಿಲ್ ಪ್ರಕ್ರಿಯಾ ಸಂಹಿತೆ’ ಅಂತಲೇ ಹೆಸರು. ಹಳಬರು ಸಿವಿಲ್‌ಗೆ ದಿವಾಣಿ, ಕ್ರಿಮಿನಲ್‌ಗೆ ಫೌಜದಾರಿ ಅನ್ನುತ್ತಿದ್ದರು, ಅದು ಮೊಗಲರ ಕಾಲದ ಆಡಳಿತದಿಂದ ಉಳಿದ ಜೋಡಿ. ಉತ್ತರ ಕರ್ನಾಟಕದ ಹಳೆಯ ಕಾಗದಗಳಲ್ಲಿ ಈಗಲೂ ಸಿಗುತ್ತದೆ.

ಕಾನೂನಿನಲ್ಲೇ ಇನ್ನೊಂದು ‘ಸಿವಿಲ್ ಲಾ’ ಇದೆ, ಅದರ ಎದುರಾಳಿ ಕ್ರಿಮಿನಲ್ ಅಲ್ಲ, ಕಾಮನ್ ಲಾ. ಇಂಗ್ಲೆಂಡಿನ ಪದ್ಧತಿಯಲ್ಲಿ ಹಳೆಯ ತೀರ್ಪುಗಳಿಗೆ ತೂಕ ಜಾಸ್ತಿ. ಫ್ರಾನ್ಸ್, ಜರ್ಮನಿ ಕಡೆ ರೋಮನ್ ಕಾನೂನಿನಿಂದ ಬಂದ ಬರೆದಿಟ್ಟ ಸಂಹಿತೆಗೆ ತೂಕ. ಫ್ರಾನ್ಸಿನ ಸಂಹಿತೆ 1804ರಲ್ಲಿ ನೆಪೋಲಿಯನ್ ಕಾಲದಲ್ಲಿ ಬಂತು. ನಮ್ಮ ಪಕ್ಕದ ಗೋವಾದಲ್ಲಿ 1867ರ ಪೋರ್ಚುಗೀಸ್ ಸಂಹಿತೆಯ ಭಾಗಗಳು ಇಂದಿಗೂ ನಡೆಯುತ್ತಿವೆ. ಏಕರೂಪ ನಾಗರಿಕ ಸಂಹಿತೆಯ ಮಾತು ಬಂದಾಗೆಲ್ಲ ಗೋವಾದ ಹೆಸರು ಕೇಳಿಬರುವುದು ಇದಕ್ಕೇ. ಅಂದ ಹಾಗೆ ಸಂವಿಧಾನದ 44ನೇ ವಿಧಿಯ ಈ ಸಿವಿಲ್‌ಗೆ ಮಾತ್ರ ಕನ್ನಡದಲ್ಲಿ ‘ನಾಗರಿಕ’ ಗಟ್ಟಿಯಾಗಿ ಕೂತುಬಿಟ್ಟಿದೆ. ಇಲ್ಲಿ ಎದುರಾಳಿ ಧರ್ಮದ ವೈಯಕ್ತಿಕ ಕಾನೂನು.

ಎದುರಿಗೆ ಧರ್ಮ ಇರುವ ಇನ್ನೊಂದು ಸಿವಿಲ್ ಅಂದರೆ ಸಿವಿಲ್ ಮ್ಯಾರೇಜ್. ಪುರೋಹಿತರಿಲ್ಲದೆ ಸರ್ಕಾರದ ಅಧಿಕಾರಿಯ ಎದುರು ಆಗುವುದು. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆ, 30 ದಿನದ ನೋಟಿಸು. ಕನ್ನಡದಲ್ಲಿ ‘ನಾಗರಿಕ ವಿವಾಹ’ ಅಂತ ಯಾವ ಮನೆಯಲ್ಲಿ ಹೇಳುತ್ತಾರೆ? ‘ಹುಡುಗ ಹುಡುಗಿ ರಿಜಿಸ್ಟರ್ ಮದುವೆ ಆಗಿದ್ದಾರಂತೆ’ ಅಂತಾರೆ. ಹಾಗೇ ಬರೆಯಿರಿ.

ಎದುರಿಗೆ ಸೈನ್ಯ ಇದ್ದರೆ ಪಟ್ಟಿ ಉದ್ದವಿದೆ. ಸಿವಿಲ್ ಎಂಜಿನಿಯರ್ ಅನ್ನುವುದು ಹುಟ್ಟಿದ್ದೇ ಹೀಗೆ. 18ನೇ ಶತಮಾನದಲ್ಲಿ ಎಂಜಿನಿಯರ್ ಅಂದರೆ ಕೋಟೆ, ಕಂದಕ, ಫಿರಂಗಿ ನೋಡಿಕೊಳ್ಳುವ ದಂಡಿನವನು. ಜನರಿಗಾಗಿ ಸೇತುವೆ, ಕಾಲುವೆ, ದೀಪಸ್ತಂಭ ಕಟ್ಟುವವರು ತಾವು ಬೇರೆ ಅಂತ ತೋರಿಸಲು ‘ಸಿವಿಲ್’ ಸೇರಿಸಿಕೊಂಡರು. ಎಡಿಸ್ಟೋನ್ ದೀಪಸ್ತಂಭ ಕಟ್ಟಿದ ಜಾನ್ ಸ್ಮೀಟನ್ ಹಾಗೆ ಕರೆದುಕೊಂಡ ಮೊದಲಿಗರಲ್ಲಿ ಒಬ್ಬ. 1771ರಲ್ಲಿ ಲಂಡನ್ನಿನಲ್ಲಿ ಅವರದೇ ಒಂದು ಸಂಘವೂ ಶುರುವಾಯಿತು. ನಮಗೆ ಸಿವಿಲ್ ಎಂಜಿನಿಯರ್ ಅಂದ ಕೂಡಲೇ ಪೇಟ ಸುತ್ತಿದ ವಿಶ್ವೇಶ್ವರಯ್ಯನವರ ಮುಖ ಕಣ್ಣಿಗೆ ಬರುತ್ತದೆ. ಅವರು ಹುಟ್ಟಿದ ಸೆಪ್ಟೆಂಬರ್ 15ನ್ನೇ ಎಂಜಿನಿಯರುಗಳ ದಿನ ಅಂತ ಆಚರಿಸುತ್ತೇವೆ. ಆದರೆ ಮನೆ ಕಟ್ಟಿಸುವವರ ಬಾಯಲ್ಲಿ ಈ ಸಿವಿಲ್‌ನ ಎದುರಾಳಿ ಮತ್ತೆ ಬದಲಾಗಿದೆ. ‘ಸಿವಿಲ್ ಕೆಲಸ ಮುಗೀತು, ಇನ್ನು ಕರೆಂಟು, ಪ್ಲಂಬಿಂಗ್ ಬಾಕಿ’ ಅಂತಾರೆ. ಅಲ್ಲಿ ಸಿವಿಲ್ ಅಂದರೆ ಇಟ್ಟಿಗೆ, ಮರಳು, ಸಿಮೆಂಟು.

ಬೆಂಗಳೂರಿನ ದಂಡು ಪ್ರದೇಶಕ್ಕೆ ಬ್ರಿಟಿಷರ ಕಾಲದಲ್ಲಿ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅಂತ ಹೆಸರಿತ್ತು. ಎದುರಾಳಿ ಹೆಸರಿನಲ್ಲೇ ಕೂತಿದ್ದಾನೆ ನೋಡಿ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ವಾಪಸು ಬಂದಾಗಲೂ ಈ ಭಾಗ ಬ್ರಿಟಿಷರ ಕೈಯಲ್ಲೇ ಉಳಿಯಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಅಡಿ ಬಂದವು. ವಿಮಾನಯಾನ, ಸೇವೆ, ಸರಬರಾಜು, ಈ ಮೂರಕ್ಕೂ ಇಲಾಖೆಯವರು ‘ನಾಗರಿಕ’ ಅಂಟಿಸಿದ್ದಾರೆ, ಅದನ್ನೇ ಇಟ್ಟುಕೊಳ್ಳಿ. ರೇಷನ್ ಕಾರ್ಡು ಕೊಡುವ ಇಲಾಖೆಯ ಹೆಸರಲ್ಲಿ ನಾಗರಿಕ ಸರಬರಾಜು ಅಂತ ಇದೆಯಲ್ಲ, ಅದು ದಂಡಿಗಲ್ಲ, ಜನಕ್ಕೆ ಅಂತ. ಸಿವಿಲ್ ಡಿಫೆನ್ಸ್ ಮಾತ್ರ ‘ಪೌರರಕ್ಷಣೆ’ ಆಗಿದೆ. ರೂಢಿಗೆ ತರ್ಕ ಕೇಳಬಾರದು.

ಪೊಲೀಸರಲ್ಲಿ ಸಿವಿಲ್ ಅಂದರೆ ಮಫ್ತಿಯವರು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ನೇಮಕಾತಿಯಲ್ಲಿ ‘ಸಿವಿಲ್ ಕಾನ್‌ಸ್ಟೆಬಲ್’ ಅಂತ ಕರೆಯುವುದು ಠಾಣೆಯಲ್ಲಿ ಕೂತು ದೂರು ತೆಗೆದುಕೊಳ್ಳುವ, ಬೀಟ್ ಸುತ್ತುವ, ಖಾಕಿ ಹಾಕಿದವರನ್ನೇ. ಎದುರಾಳಿ ಸಶಸ್ತ್ರ ಮೀಸಲು ಪಡೆ.

ಪೌರ ಪದವನ್ನು ನಾನು ‘ಸಿವಿಕ್’ಗೆ ಮೀಸಲಿಡುತ್ತೇನೆ. ಚರಂಡಿ, ಕಸ, ಬೀದಿದೀಪ, ನಗರಸಭೆ. ಪೌರಾಡಳಿತ, ಪೌರಕಾರ್ಮಿಕರು, ಶಾಲೆಯ ಪೌರನೀತಿ, ಎಲ್ಲ ಆ ಕಡೆಯವು. ಸಿವಿಲ್ ಮತ್ತು ಸಿವಿಕ್ ಒಂದೇ ಬೇರಿನವಾದರೂ ‘ಸಿವಿಕ್ ಸೆನ್ಸ್’ ಇರುವವರು ಸಿವಿಲ್ ಆಗಿರಬೇಕಿಲ್ಲ. ಕಸ ವಿಂಗಡಿಸದ ಪಕ್ಕದ ಮನೆಯವರ ಮೇಲೆ ರೇಗಾಡುವ ನಮ್ಮ ಬೀದಿಯ ಹಿರಿಯರೊಬ್ಬರು ಇದಕ್ಕೆ ಜೀವಂತ ಉದಾಹರಣೆ.

ಸಿವಿಲ್ ವಾರ್‌ಗೆ ‘ನಾಗರಿಕ ಯುದ್ಧ’ ಅಂತ ಬರೆಯಬೇಡಿ. ದಯವಿಟ್ಟು. ಇಲ್ಲಿ ಎದುರಾಳಿ ಹೊರಗಿನ ಶತ್ರು. ಒಂದೇ ದೇಶದ ಜನ ತಮ್ಮತಮ್ಮಲ್ಲೇ ಹೊಡೆದಾಡುವುದು ಅಂತರ್ಯುದ್ಧ. 1861ರಿಂದ 1865ರ ತನಕ ಅಮೆರಿಕದಲ್ಲಿ ಆದದ್ದು ಅದು. ಲಕ್ಷಗಟ್ಟಲೆ ಜನ ಸತ್ತ ಯುದ್ಧಕ್ಕೆ ನಾಗರಿಕ ಅನ್ನುವ ವಿಶೇಷಣ ಸೇರಿಸಿದರೆ ಏನೋ ಶಿಸ್ತಾಗಿ ನಡೆದಂತೆ ಕೇಳಿಸುತ್ತದೆ.

ಖಗೋಳದವರಿಗೂ ಒಂದು ಸಿವಿಲ್ ಇದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಇಳಿಯುವ ತನಕ ಸಿವಿಲ್ ಟ್ವೈಲೈಟ್. ದೀಪ ಹಚ್ಚದೆ ಅಂಗಳದಲ್ಲಿ ಕೆಲಸ ಮಾಡಬಹುದಾದ ಮುಸ್ಸಂಜೆ. ಕಥೆಯಲ್ಲಿ ಬಂದರೆ ಮುಸ್ಸಂಜೆ ಅಂದರೆ ಸಾಕು.

ಬ್ಯಾಂಕಿನಲ್ಲಿ ಲೋನ್ ಕೇಳಲು ಹೋದವರು ‘ಸಿವಿಲ್ ಸ್ಕೋರ್ ಕಮ್ಮಿ ಇದೆಯಂತೆ’ ಅಂತ ಬೇಜಾರು ಮಾಡಿಕೊಳ್ಳುವುದನ್ನು ಕೇಳಿರಬೇಕು. ಅದು ಸಿವಿಲ್ ಅಲ್ಲವೇ ಅಲ್ಲ, ಸಿಬಿಲ್. ಸಾಲದ ಇತಿಹಾಸ ಇಡುವ ಸಂಸ್ಥೆಯ ಹಳೆಯ ಹೆಸರಿನ ಮೊದಲಕ್ಷರಗಳು. 300ರಿಂದ 900ರ ಒಳಗೆ ಅಂಕ. ಆದರೂ ಊರ ಜನ ಅದನ್ನು ಸಿವಿಲ್ ಮಾಡಿಕೊಂಡಿದ್ದರಲ್ಲಿ ಒಂದು ನ್ಯಾಯ ಇದೆ ಅನ್ನಿಸುತ್ತದೆ. ಕಂತು ಕಟ್ಟದಿದ್ದರೆ ಬರುವುದು ಸಿವಿಲ್ ಕೇಸೇ ತಾನೆ.

ಎರಡೂ ಅರ್ಥ ಒಂದೇ ಪದದಲ್ಲಿ ಕೂತಾಗ

ಎದುರಾಳಿಯನ್ನು ಹುಡುಕುವ ಉಪಾಯ ಒಂದು ಕಡೆ ಕೈಕೊಡುತ್ತದೆ: ಸಿವಿಲ್ ಡಿಸ್‌ಒಬಿಡಿಯೆನ್ಸ್.

ಅಮೆರಿಕದ ಲೇಖಕ ಥೋರೋ 1846ರಲ್ಲಿ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿದ್ದ. 1849ರಲ್ಲಿ ಅಚ್ಚಾದ ಅವನ ಪ್ರಬಂಧದ ಹೆಸರಲ್ಲಿ ಸಿವಿಲ್ ಅನ್ನುವುದು ಸರ್ಕಾರಕ್ಕೆ ಅಂಟಿಕೊಂಡಿತ್ತು, ‘ಸಿವಿಲ್ ಸರ್ಕಾರಕ್ಕೆ ಪ್ರತಿರೋಧ’ ಅನ್ನುವ ಹಾಗೆ. ಅವನು ಸತ್ತ ಮೇಲೆ, 1866ರ ಮುದ್ರಣದಲ್ಲಿ, ಸಿವಿಲ್ ಅಲ್ಲಿಂದ ಎದ್ದು ಬಂದು ಅವಿಧೇಯತೆಯ ಪಕ್ಕ ಕೂತಿತು. ಪ್ರಜೆಯಾಗಿ ಸರ್ಕಾರದ ಮಾತು ಕೇಳದಿರುವುದು ಅನ್ನುವ ರಾಜಕೀಯ ಅರ್ಥ ಅದು.

ಗಾಂಧೀಜಿ ಅದೇ ಪದ ತೆಗೆದುಕೊಂಡು ಅದರ ಇನ್ನೊಂದು ಅರ್ಥವನ್ನೂ ಎಬ್ಬಿಸಿದರು. ಕಾನೂನು ಮುರಿಯುವುದಾದರೆ ಬಚ್ಚಿಟ್ಟುಕೊಂಡಲ್ಲ, ಬೈದುಕೊಂಡಲ್ಲ. 1930ರ ಮಾರ್ಚ್ 2ರಂದು ಅವರು ವೈಸರಾಯ್ ಇರ್ವಿನ್‌ಗೆ ಕಾಗದ ಬರೆದರು. ಶುರುವೇ ‘ಪ್ರಿಯ ಮಿತ್ರರೇ’ ಅಂತ. ನಾನು ಉಪ್ಪಿನ ಕಾನೂನು ಮುರಿಯಲು ಹೊರಟಿದ್ದೇನೆ ಅಂತ ಮುಂಚೆಯೇ ತಿಳಿಸಿದ ಕಾಗದ. ಅದನ್ನು ತಲುಪಿಸಿ ಬಂದದ್ದು ರೆಜಿನಾಲ್ಡ್ ರೆನಾಲ್ಡ್ಸ್ ಅನ್ನುವ ಇಂಗ್ಲಿಷ್ ಯುವಕ. ಮಾರ್ಚ್ 12ಕ್ಕೆ ಸಾಬರಮತಿಯಿಂದ ನಡಿಗೆ ಶುರು, ಏಪ್ರಿಲ್ 6ಕ್ಕೆ ದಂಡಿಯಲ್ಲಿ ಉಪ್ಪು. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಜನ ಸಮುದ್ರದ ದಂಡೆಗೆ ಹೋಗಿ ಉಪ್ಪು ಮಾಡಿದರು.

ಈಗ ಇದನ್ನು ಕನ್ನಡದಲ್ಲಿ ಏನನ್ನೋಣ? ‘ನಾಗರಿಕ ಅಸಹಕಾರ’ ಅಂತ ಕೆಲವರು ಬರೆಯುತ್ತಾರೆ. ಅದು 1920ರ ಅಸಹಕಾರ ಚಳವಳಿಯ ಜೊತೆ ಕಲಸಿಹೋಗುತ್ತದೆ. ಶಾಲೆಯ ಪುಸ್ತಕಗಳ ‘ಕಾನೂನುಭಂಗ ಚಳವಳಿ’ ಸ್ಪಷ್ಟವಾಗಿದೆ, ಆದರೆ ಸಿವಿಲ್ ಪೂರ್ತಿ ಬಿದ್ದುಹೋಯಿತು. ಬರೀ ಕಾನೂನು ಮುರಿಯುವುದಾದರೆ ಕಳ್ಳನೂ ಮಾಡುತ್ತಾನೆ. ‘ಸವಿನಯ ಕಾನೂನುಭಂಗ’ದಲ್ಲಿ ಪ್ರಜೆ ಬಿದ್ದುಹೋದ, ಮರ್ಯಾದೆ ಉಳಿಯಿತು. ನಾನು ಆರಿಸುವುದು ಇದನ್ನೇ. ಮೇಲೆ ವಿನಯ ಬೇಡ ಅಂದವನು ಇಲ್ಲಿ ಬೇಕು ಅನ್ನುತ್ತಿದ್ದೇನೆ, ನಿಜ. ಆ ‘ಪ್ರಿಯ ಮಿತ್ರರೇ’ ಅನ್ನುವ ಸಂಬೋಧನೆಯನ್ನು ಬೇರೆ ಯಾವ ಪದವೂ ಹಿಡಿಯುವುದಿಲ್ಲ.

ಎರಡೂ ಅರ್ಥ ಒಟ್ಟಿಗೆ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದು ಮಾತ್ರ ನಮ್ಮೂರಲ್ಲಿ. ತುಮಕೂರು ಕಡೆಯ ಹಳ್ಳಿ. ನಮಗೆ ದೂರದ ದಾಯಾದಿಗಳಾದ ಅಣ್ಣತಮ್ಮಂದಿರಿಬ್ಬರು, ಮಧ್ಯೆ ತೆಂಗಿನ ತೋಟದ ವಿಭಾಗ ದಾವೆ. ಕೇಸು ಹಾಕಿ ಏಳೆಂಟು ವರ್ಷವಾಗಿದೆ. ಊರಿಂದ ತಾಲ್ಲೂಕಿಗೆ ಬೆಳಿಗ್ಗೆ ಒಂದೇ ಬಸ್ಸು. ಹಾಗಾಗಿ ವಾಯಿದೆ ದಿನ ವಾದಿ, ಪ್ರತಿವಾದಿ ಇಬ್ಬರೂ ಒಂದೇ ಬಸ್ಸಿನಲ್ಲಿ, ಕೈಯಲ್ಲಿ ಒಂದೇ ಥರದ ಪ್ಲಾಸ್ಟಿಕ್ ಕವರು ಹಿಡಿದು ಹೋಗುತ್ತಾರೆ.

ಹೋದ ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಅಣ್ಣನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಪಕ್ಕದ ಜಾಗ ಖಾಲಿ. ಮುಂದಿನ ಸ್ಟಾಪಿನಲ್ಲಿ ತಮ್ಮ ಹತ್ತಿದ. ಬಸ್ಸಿನಲ್ಲಿದ್ದ ನಾವೆಲ್ಲ ಸುಮ್ನೆ ನೋಡುತ್ತಿದ್ದೆವು. ಅಣ್ಣ ಕವರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ, ಒಂದು ಗೇಣು ಸರಿದ. ಹುಟ್ಟಿದಾಗಿನಿಂದ ‘ಬಾರೋ, ಕೂತ್ಕೊಳೋ’ ಅಂತ ಕರೆದ ತಮ್ಮನಿಗೆ, ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು ಹೇಳಿದ:

‘ಕೂತ್ಕೊಳ್ಳಿ.’